ಬುಟ್ಟಿಯಲ್ಲಿ ಸುಮ್ಮನೆ ಕೂತ ಬೆಕ್ಕು ಯಾಕೆ ಮೊದಲು?

ರಾತ್ರಿ ಪಾಳಿ ನಡೆಯುತ್ತಿರುವ ಒಂದು ಪಶು ಆಸ್ಪತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ನಿಮಿಷದೊಳಗೆ ಮೂರು ಪ್ರಾಣಿಗಳು ಬಂದಿವೆ. ಮೊದಲನೆಯದು ಪುಟ್ಟ ನಾಯಿ. ಮುಂಗಾಲಿನ ಒಂದು ಉಗುರು ಬುಡದಿಂದ ಕಿತ್ತುಬಂದಿದೆ. ನೆಲದ ತುಂಬ ರಕ್ತದ ಹೆಜ್ಜೆ, ಕಿವಿ ಗುಯ್‌ಗುಡುವಷ್ಟು ಕಿರುಚಾಟ. ಎರಡನೆಯದು ಆಳವಾದ ಎದೆಯ ದೊಡ್ಡ ನಾಯಿ. ನಿಂತಲ್ಲಿ ನಿಲ್ಲುತ್ತಿಲ್ಲ. ಮತ್ತೆ ಮತ್ತೆ ಓಕರಿಸುತ್ತದೆ, ಆದರೆ ನೊರೆ ಬಿಟ್ಟರೆ ಏನೂ ಹೊರಗೆ ಬರುವುದಿಲ್ಲ. ಮೂರನೆಯದು ಬುಟ್ಟಿಯೊಳಗೆ ಮುದುರಿ ಕೂತ ಗಂಡು ಬೆಕ್ಕು. ಸದ್ದಿಲ್ಲ, ಗದ್ದಲವಿಲ್ಲ. "ಎರಡು ದಿನದಿಂದ ಮಲ ಕಟ್ಟಿದೆ ಅನ್ಸುತ್ತೆ, ಮರಳಿನ ಟ್ರೇಗೆ ಹೋಗಿ ಹೋಗಿ ತಿಣುಕುತ್ತೆ" ಅಂತ ಮನೆಯವರು ಹೇಳುತ್ತಾರೆ.

ಕಾಯುವ ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಕಿರುಚುವ ನಾಯಿಯ ಮೇಲೆ. ನರ್ಸ್ ಅದರ ಕಾಲಿಗೆ ಗಾಜ್ ಬಟ್ಟೆ ಇಟ್ಟು, "ಹೀಗೇ ಒತ್ತಿ ಹಿಡಿದಿರಿ" ಎಂದು ಮನೆಯವರಿಗೆ ಹೇಳಿ ಮುಂದೆ ಹೋಗುತ್ತಾರೆ. ದೊಡ್ಡ ನಾಯಿಯನ್ನು ಒಳಗೆ ಕರೆದೊಯ್ಯಲು ಜೊತೆಯವರಿಗೆ ಸನ್ನೆ ಮಾಡುತ್ತಾರೆ. ತಾವು ಬೆಕ್ಕಿನ ಬುಟ್ಟಿ ಎತ್ತಿಕೊಳ್ಳುತ್ತಾರೆ. ಉಗುರು ಕಿತ್ತ ನಾಯಿಯ ಮನೆಯವರಿಗೆ ಸಿಟ್ಟು ಬರುತ್ತದೆ. ಬರದೇ ಇರುತ್ತದೆಯೇ? ಅವರೇ ಅಲ್ವಾ ಮೊದಲು ಬಂದವರು.

ಈ ಆಯ್ಕೆಗೆ ಟ್ರಯಾಜ್ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ಆರಿಸುವುದು, ಬೇರ್ಪಡಿಸುವುದು ಎಂಬ ಅರ್ಥ. ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ ಗಾಯಾಳುಗಳನ್ನು ಅವರ ಹುದ್ದೆ ನೋಡದೆ, ಗಾಯದ ತೀವ್ರತೆ ನೋಡಿ ಸರದಿಗೆ ಹಚ್ಚಿದ. ಅಲ್ಲಿಂದ ಈ ಪದ್ಧತಿ ಮನುಷ್ಯರ ಆಸ್ಪತ್ರೆಗೆ, ಆಮೇಲೆ ಪಶು ಆಸ್ಪತ್ರೆಗೆ ಬಂತು. ಪಶು ಆಸ್ಪತ್ರೆಯಲ್ಲಿ ಕೆಲಸ ಸ್ವಲ್ಪ ಜಾಸ್ತಿ ಕಷ್ಟ. ರೋಗಿಗೆ ಮಾತು ಬರುವುದಿಲ್ಲ. ಮೇಲಾಗಿ ಬೆಕ್ಕು, ಮೊಲ, ಹಕ್ಕಿಗಳು ತಮ್ಮ ನೋವನ್ನು ಮುಚ್ಚಿಡುವುದರಲ್ಲಿ ಪಳಗಿದವು. ಕಾಡಿನಲ್ಲಿ ನರಳುವ ಪ್ರಾಣಿ ಬೇಗ ಬೇಟೆಯಾಗುತ್ತದೆ. ಹಾಗಾಗಿ ಸದ್ದನ್ನು ನಂಬಿ ಸರದಿ ಹಾಕಿದರೆ ತಪ್ಪುವುದೇ ಹೆಚ್ಚು. ಕಿರುಚಲು ಗಾಳಿ ಬೇಕು, ರಕ್ತ ಓಡಬೇಕು, ಪ್ರಜ್ಞೆ ಇರಬೇಕು. ಕಿರುಚುವ ನಾಯಿಗೆ ಸದ್ಯಕ್ಕೆ ಈ ಮೂರೂ ಇವೆ.

ಫೋನಿನಲ್ಲೇ ಶುರು

ಎಷ್ಟೋ ಸಲ ಈ ವಿಂಗಡಣೆ ಪ್ರಾಣಿ ಬಾಗಿಲಿಗೆ ಬರುವ ಮೊದಲೇ ಆರಂಭವಾಗುತ್ತದೆ. ಫೋನ್ ಎತ್ತಿದ ನರ್ಸ್ ಮೊದಲು ಕೇಳುವುದು ಕರೆ ಮಾಡಿದವರ ನಂಬರು. ಗಾಬರಿಯಲ್ಲಿ ಲೈನ್ ಕಟ್ಟಾದರೆ ತಿರುಗಿ ಮಾಡಬೇಕಲ್ಲ. ಆಮೇಲಿನ ಪ್ರಶ್ನೆಗಳು ಚಿಕ್ಕವು: ಉಸಿರಾಡುತ್ತಿದೆಯೇ? ಕರೆದರೆ ತಿರುಗಿ ನೋಡುತ್ತದೆಯೇ? ಎದ್ದು ನಿಲ್ಲುತ್ತದೆಯೇ? ತುಟಿ ಎತ್ತಿ ನೋಡಿದರೆ ವಸಡು ಯಾವ ಬಣ್ಣದಲ್ಲಿದೆ? ಎಷ್ಟು ಹೊತ್ತಾಯಿತು? ಪ್ರಾಣಿಯ ಜಾತಿ, ವಯಸ್ಸು, ಗಂಡೋ ಹೆಣ್ಣೋ, ಈಗ ಕೊಡುತ್ತಿರುವ ಔಷಧ, ಏನಾದರೂ ತಿಂದಿರಬಹುದೇ ಎಂಬ ಅನುಮಾನ, ಇಷ್ಟು ಸಿಕ್ಕರೆ ಸಾಕು. ಪೂರ್ತಿ ಕತೆ ಆಮೇಲೆ ಕೇಳಬಹುದು.

ಗಂಡೋ ಹೆಣ್ಣೋ ಎಂಬ ಪ್ರಶ್ನೆ ಸುಮ್ನೆ ಕೇಳುವುದಲ್ಲ. ನಮ್ಮ ಬೆಕ್ಕಿನ ವಿಷಯದಲ್ಲಿ ಜೀವ ಉಳಿಯುವುದು ಆ ಒಂದು ಉತ್ತರದ ಮೇಲೆ. ಅದಕ್ಕೆ ಮತ್ತೆ ಬರೋಣ.

ಮುಟ್ಟುವ ಮೊದಲು ನೋಡು

ಪ್ರಾಣಿ ಬಂದ ಮೇಲೆ ನಡೆಯುವ ಮೊದಲ ತಪಾಸಣೆ ಒಂದು ನಿಮಿಷದೊಳಗೆ ಮುಗಿಯಬೇಕು. ಗಾಳಿಯ ದಾರಿ ತೆರೆದಿದೆಯೇ, ಉಸಿರು ಸರಿಯಿದೆಯೇ, ರಕ್ತ ಓಡುತ್ತಿದೆಯೇ, ಪ್ರಜ್ಞೆ ಇದೆಯೇ ಎಂಬುದು ಅದರ ಕ್ರಮ. ಕಾಯಿಲೆಯ ಹೆಸರು ಏನು ಎಂಬ ಪ್ರಶ್ನೆ ಇಲ್ಲಿಲ್ಲ. ಹೊಸದಾಗಿ ಕೆಲಸ ಕಲಿಯುವವರಿಗೆ ಇದೇ ದೊಡ್ಡ ಗೊಂದಲ. ಅವರ ತಲೆ ತಕ್ಷಣ 'ಇದು ಯಾವ ರೋಗ' ಎಂದು ಹುಡುಕಲು ಹೊರಡುತ್ತದೆ. ಟ್ರಯಾಜ್ ಕೇಳುವುದು ಬೇರೆಯದೇ ಪ್ರಶ್ನೆ: ಮುಂದಿನ ಐದು ನಿಮಿಷದಲ್ಲಿ ಈ ಪ್ರಾಣಿಯನ್ನು ಏನು ಕೊಲ್ಲಬಹುದು?

ಈ ಕ್ರಮಕ್ಕೆ ಕಾರಣವಿದೆ. ಗಾಳಿ ಒಳಗೆ ಹೋಗದಿದ್ದರೆ ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ರಕ್ತ ಸರಿಯಾಗಿ ಓಡದಿದ್ದರೆ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಸಮಯ ಸಿಗುತ್ತದೆ. ಮುರಿದ ಕಾಲಿಗೆ ಇಡೀ ದಿನ ಸಮಯವಿದೆ. ಆದ್ದರಿಂದಲೇ ಕಣ್ಣಿಗೆ ಹೊಡೆಯುವ ಮುರಿದ ಕಾಲನ್ನು ಕೊನೆಗೆ ನೋಡುವುದು.

ಉಸಿರನ್ನು ದೂರದಿಂದಲೇ ಅಳೆಯಬೇಕು. ಕೈ ಹಾಕಿದ ಕೂಡಲೇ ಪ್ರಾಣಿ ಗಾಬರಿಯಾಗಿ ಲೆಕ್ಕ ತಪ್ಪುತ್ತದೆ. ಆರಾಮವಾಗಿರುವ ನಾಯಿ ನಿಮಿಷಕ್ಕೆ 10ರಿಂದ 30 ಸಲ, ಬೆಕ್ಕು 20ರಿಂದ 30 ಸಲ ಉಸಿರಾಡುತ್ತದೆ. ಎಣಿಕೆಗಿಂತ ಭಂಗಿ ಹೆಚ್ಚು ಹೇಳುತ್ತದೆ. ಕುತ್ತಿಗೆ ಮುಂದೆ ಚಾಚಿದೆ, ಮೊಣಕೈ ದೇಹದಿಂದ ಹೊರಗೆ ಸರಿದಿದೆ, ಮಲಗಲು ಒಪ್ಪುತ್ತಿಲ್ಲ ಎಂದರೆ ಆ ಪ್ರಾಣಿ ಗಾಳಿಗಾಗಿ ಹೋರಾಡುತ್ತಿದೆ. ನಾಯಿ ಬಾಯಿ ತೆರೆದು ತೇಕುವುದು ಸಹಜ, ಅದು ಮೈ ತಣಿಸಿಕೊಳ್ಳುವ ದಾರಿ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದನ್ನು ಬೇರೆ ರೀತಿ ಸಾಬೀತಾಗುವವರೆಗೂ ತುರ್ತು ಎಂದೇ ಹಿಡಿಯಬೇಕು.

ಕಿವಿಯೂ ಕೆಲಸ ಮಾಡಬೇಕು. ಉಸಿರು ಒಳಗೆಳೆಯುವಾಗ ಗೊರಕೆಯಂಥ ಅಥವಾ ಕೀರಲು ಸದ್ದು ಬಂದರೆ ತೊಂದರೆ ಗಂಟಲಿನ ಸುತ್ತ ಇದೆ. ಚಪ್ಪಟೆ ಮೂತಿಯ ನಾಯಿಗಳಲ್ಲಿ ಇದು ಮಾಮೂಲಿ ಎಂದು ಮನೆಯವರು ಹೇಳುತ್ತಾರೆ. ಮಾಮೂಲಿ ಎಂದ ಮಾತ್ರಕ್ಕೆ ಆರೋಗ್ಯ ಎಂದಲ್ಲ, ಆ ಮಾತು ಬೇರೆ. ಉಸಿರು ಮೇಲುಮೇಲಕ್ಕೆ, ಚಿಕ್ಕದಾಗಿ, ವೇಗವಾಗಿ ಹೋಗುತ್ತಿದ್ದು ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಸದ್ದೇ ಕೇಳದಿದ್ದರೆ, ಶ್ವಾಸಕೋಶದ ಸುತ್ತ ನೀರೋ ಗಾಳಿಯೋ ರಕ್ತವೋ ತುಂಬಿರಬಹುದು. ಅದನ್ನು ಸೂಜಿ ಹಾಕಿ ವೈದ್ಯರು ತೆಗೆಯಬೇಕು. ನರ್ಸ್ ಅಷ್ಟರಲ್ಲಿ ಜಾಗದ ಕೂದಲು ಬೋಳಿಸಿ, ಸೂಜಿ, ಸಿರಿಂಜು ಸಿದ್ಧಮಾಡಿ ಇಟ್ಟಿರುತ್ತಾರೆ.

ಉಸಿರಿನ ತೊಂದರೆಗೆ ನರ್ಸ್ ತಕ್ಷಣ ಕೊಡುವ ಚಿಕಿತ್ಸೆ ಎರಡು. ಒಂದು ಆಮ್ಲಜನಕ. ನಳಿಕೆಯನ್ನು ಮೂಗಿನಿಂದ ಕೆಲವು ಸೆಂಟಿಮೀಟರ್ ದೂರ ಹಿಡಿದರೂ ಆದೀತು. ಇನ್ನೊಂದು, ಕೈ ಬಿಡುವುದು. ಇದು ಕೇಳಲು ವಿಚಿತ್ರ. ಆದರೆ ಉಸಿರಿಗೆ ತಿಣುಕುವ ಬೆಕ್ಕನ್ನು ಎಕ್ಸ್‌ರೇಗೆಂದು ಮಗ್ಗುಲಾಗಿ ಒತ್ತಿ ಮಲಗಿಸಿದರೆ ಅದು ಮೇಜಿನ ಮೇಲೆಯೇ ಸಾಯಬಹುದು. ಆಮ್ಲಜನಕದ ಪೆಟ್ಟಿಗೆಯಲ್ಲಿ ಕೂರಿಸಿ, ವೈದ್ಯರು ಹೇಳಿದ ಶಾಮಕ ಔಷಧ ಕೊಟ್ಟು, ಗಾಜಿನ ಹೊರಗೆ ನಿಂತು ನೋಡುವುದೂ ಶುಶ್ರೂಷೆಯೇ. ಏನಾದರೂ ಮಾಡಲೇಬೇಕು ಎಂಬ ಚಡಪಡಿಕೆಯನ್ನು ಅದುಮಿಕೊಳ್ಳಲು ವರ್ಷಗಟ್ಟಲೆ ಬೇಕಾಗುತ್ತದೆ.

ವಸಡು ಹೇಳುವ ಕತೆ

ರಕ್ತಸಂಚಾರ ನೋಡಲು ಯಂತ್ರಕ್ಕಿಂತ ಮೊದಲು ತುಟಿ ಎತ್ತಬೇಕು. ಆರೋಗ್ಯವಿರುವ ವಸಡು ಗುಲಾಬಿ ಬಣ್ಣ, ಮುಟ್ಟಿದರೆ ಪಸೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಚಿದ ಜಾಗಕ್ಕೆ 1ರಿಂದ 2 ಸೆಕೆಂಡಿನಲ್ಲಿ ಬಣ್ಣ ಮರಳುತ್ತದೆ. ಎರಡು ಸೆಕೆಂಡ್ ದಾಟಿದರೆ ರಕ್ತ ಅಂಚಿನವರೆಗೆ ತಲುಪುತ್ತಿಲ್ಲ. ಬಿಳಿ ವಸಡು ರಕ್ತ ಸೋರಿರುವುದನ್ನೋ ಶಾಕನ್ನೋ ಹೇಳುತ್ತದೆ. ನೀಲಿ ಎಂದರೆ ಆಮ್ಲಜನಕದ ಕೊರತೆ, ಅದೂ ತುಂಬ ತಡವಾಗಿ ಕಾಣುವ ಗುರುತು. ಇಟ್ಟಿಗೆ ಕೆಂಪು ಎಂದರೆ ತೀವ್ರ ಸೋಂಕು ಅಥವಾ ಬಿಸಿಲಾಘಾತ. ಹಳದಿ ಯಕೃತ್ತಿನ ಕಡೆಗೋ ಕೆಂಪು ರಕ್ತಕಣಗಳು ಒಡೆಯುತ್ತಿರುವುದರ ಕಡೆಗೋ ಬೊಟ್ಟು ಮಾಡುತ್ತದೆ. ಬೆಕ್ಕಿನ ವಸಡು ಕಂದು ಬಣ್ಣಕ್ಕೆ ತಿರುಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಜ್ವರದ ಮಾತ್ರೆ ಏನಾದರೂ ಕೊಟ್ಟಿರಾ? ಪ್ಯಾರಾಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ದೇಹಕ್ಕೆ ಬಹಳ ಕಡಿಮೆ. ಒಂದೇ ಮಾತ್ರೆ ಅದರ ರಕ್ತವನ್ನು ಆಮ್ಲಜನಕ ಹೊರಲಾರದಂತೆ ಮಾಡಬಲ್ಲದು.

ಶಾಕ್ ಎಂದರೆ ಗಾಬರಿ ಅಲ್ಲ. ದೇಹದ ಜೀವಕೋಶಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪದಿರುವ ಸ್ಥಿತಿ. ರಕ್ತ ಕಡಿಮೆಯಾದಾಗ ದೇಹ ಜಾಣತನದಿಂದ ಜಮಾಖರ್ಚು ಮಾಡುತ್ತದೆ. ಚರ್ಮ, ಕಾಲು, ಕರುಳಿನ ಪಾಲನ್ನು ಕಡಿತಗೊಳಿಸಿ ಹೃದಯಕ್ಕೂ ಮಿದುಳಿಗೂ ಕಳಿಸುತ್ತದೆ. ಹಾಗಾಗಿ ವಸಡು ಬಿಳಚುತ್ತದೆ, ಪಾದ ತಣ್ಣಗಾಗುತ್ತದೆ, ಹಿಂಗಾಲಿನ ಪಾದದ ಬಳಿಯ ನಾಡಿ ಮೊದಲು ಕೈಗೆ ಸಿಗದಾಗುತ್ತದೆ. ತೊಡೆಯ ಒಳಗಿನ ನಾಡಿ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ. ಈ ಹಂತದಲ್ಲಿ ರಕ್ತದೊತ್ತಡ ಅಳೆದರೆ ಸರಿಯಾಗಿಯೇ ಇರಬಹುದು. ಅದನ್ನು ನಂಬಿ ಕೂತರೆ ಮೋಸ. ಜಮಾಖರ್ಚು ಕೈಮೀರಿದ ಮೇಲೆಯೇ ಒತ್ತಡ ಕುಸಿಯುವುದು.

ನಾಯಿಯ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 140 ಸಲ ಬಡಿಯುತ್ತದೆ, ಪುಟ್ಟ ನಾಯಿಗಳಲ್ಲಿ ಇನ್ನೂ ಹೆಚ್ಚು. ಶಾಕ್ ಆದಾಗ ಅದು ಓಡುತ್ತದೆ. ಬೆಕ್ಕಿನ ದಾರಿ ಬೇರೆ. ಆಸ್ಪತ್ರೆಯಲ್ಲಿ ಬೆಕ್ಕಿನ ಹೃದಯ 140ರಿಂದ 220ರ ನಡುವೆ ಇರಬೇಕು. ಶಾಕ್ ಆದ ಬೆಕ್ಕಿನಲ್ಲಿ ಎಷ್ಟೋ ಸಲ ಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ಒತ್ತಡ ಕುಸಿಯುತ್ತದೆ. ನಾಯಿಗಳನ್ನೇ ನೋಡಿ ಕಲಿತ ನರ್ಸ್ 120 ಬಡಿತದ ಬೆಕ್ಕನ್ನು ನೋಡಿ 'ಪಾಪ, ಶಾಂತವಾಗಿದೆ' ಅಂದುಕೊಳ್ಳುವ ಅಪಾಯ ಇಲ್ಲಿದೆ. ಗಾಬರಿಯ ಜಾಗಕ್ಕೆ ಬಂದ ಬೆಕ್ಕಿನ ಹೃದಯ ಓಡಬೇಕು. ಓಡದಿದ್ದರೆ ಯಾಕೆ ಎಂದು ಕೇಳಬೇಕು.

ದೇಹದಲ್ಲಿರುವ ರಕ್ತದ ಲೆಕ್ಕವೂ ತಲೆಯಲ್ಲಿರಲಿ. ನಾಯಿಗೆ ಪ್ರತಿ ಕೆಜಿ ತೂಕಕ್ಕೆ ಸುಮಾರು 80ರಿಂದ 90 ಮಿಲಿ, ಬೆಕ್ಕಿಗೆ ಸುಮಾರು 60 ಮಿಲಿ. ನಾಲ್ಕು ಕೆಜಿ ಬೆಕ್ಕಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಒಂದು ದೊಡ್ಡ ಲೋಟ, 240 ಮಿಲಿ. 20 ಕೆಜಿ ನಾಯಿಗೆ ಏನೂ ಅನ್ನಿಸದ ಗಾಯ ಬೆಕ್ಕಿಗೆ ಪ್ರಾಣಾಂತಿಕವಾಗಬಹುದು.

ಬೇರೆ ಪ್ರಾಣಿಗಳಿಗೆ ಬೇರೆ ಅಳತೆ. ಕುದುರೆಯ ಹೃದಯ ಆರಾಮದಲ್ಲಿ 28ರಿಂದ 44. ಹೊಟ್ಟೆನೋವಿನ ಕುದುರೆಯಲ್ಲಿ ಅದು 60 ದಾಟಿ ಅಲ್ಲೇ ನಿಂತರೆ ವೈದ್ಯರು ಓಡಿಬರಬೇಕು. ದನದ ಎಡ ಪಕ್ಕೆ ಡೊಳ್ಳಿನಂತೆ ಉಬ್ಬಿ ಉಸಿರು ಕಟ್ಟುತ್ತಿದ್ದರೆ ಅದಕ್ಕೂ ಅಷ್ಟೇ ಅವಸರ. ಮೊಲ ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ ಎಂದರೆ ಅದೂ ತುರ್ತೇ, ಅದರ ಕರುಳು ನಿಂತುಹೋಗಿರಬಹುದು.

ಆ ಬೆಕ್ಕು, ಆ ದೊಡ್ಡ ನಾಯಿ

ಈಗ ಬುಟ್ಟಿ ತೆರೆಯೋಣ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಣ್ಣ. ಲೋಳೆ, ಹರಳಿನ ಪುಡಿ ಸೇರಿದ ಒಂದು ಸಣ್ಣ ಬಿರಡೆ ಸಾಕು, ದಾರಿ ಮುಚ್ಚಲು. ಬೆಕ್ಕು ಟ್ರೇಗೆ ಹೋಗಿ ತಿಣುಕುತ್ತದೆ. ನೋಡಿದವರಿಗೆ ಮಲ ಕಟ್ಟಿದಂತೆ ಕಾಣುತ್ತದೆ. ಒಳಗೆ ಮೂತ್ರಚೀಲ ಗಟ್ಟಿ ಚೆಂಡಾಗಿದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ, ಏರುತ್ತಾ ಹೋಗುತ್ತದೆ. ಹೃದಯದ ವಿದ್ಯುತ್ ಸಂಕೇತಗಳನ್ನು ಅದು ಮಂದ ಮಾಡುತ್ತದೆ. ಬಡಿತ 200ರಿಂದ 140ಕ್ಕೆ, 100ಕ್ಕೆ ಇಳಿಯುತ್ತದೆ. ಕೊನೆಗೆ ನಿಲ್ಲುತ್ತದೆ. ಬೆಕ್ಕು ಸುಮ್ಮನಿರುವುದು ಅದಕ್ಕೆ.

ನರ್ಸ್ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ಆ ಚೆಂಡನ್ನು ಕಂಡುಹಿಡಿಯುತ್ತಾರೆ. ಒತ್ತುವುದಿಲ್ಲ, ಒತ್ತಿದರೆ ಒಡೆಯಬಹುದು. ಇಸಿಜಿ ತಂತಿ ಹಚ್ಚುತ್ತಾರೆ, ಕಾಲಿನ ನರಕ್ಕೆ ಸೂಜಿ ಕೂರಿಸುತ್ತಾರೆ, ಎರಡು ಹನಿ ರಕ್ತ ಪರೀಕ್ಷೆಗೆ ಹೋಗುತ್ತದೆ. ವೈದ್ಯರು ಹೃದಯ ಕಾಯಲು ಕ್ಯಾಲ್ಸಿಯಂ ಗ್ಲುಕೊನೇಟ್ ಕೊಡುತ್ತಾರೆ. ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳಲು ಇನ್ಸುಲಿನ್ ಮತ್ತು ಗ್ಲೂಕೋಸ್. ಬಡಿತ ಸುಧಾರಿಸಿದ ಮೇಲೆ ನಳಿಕೆ ಹಾಕಿ ದಾರಿ ಬಿಡಿಸುವುದು. ನಾಳ ಮುಚ್ಚಿದೆ ಎಂದು ಮೊದಲು ಅದನ್ನು ಬಿಡಿಸಲು ಹೊರಟು, ಅರಿವಳಿಕೆ ಕೊಟ್ಟರೆ ಹೃದಯ ಅಲ್ಲೇ ನಿಲ್ಲಬಹುದು. ಕ್ರಮ ಎಂಬುದು ಪ್ರಾಣಿ ಪ್ರಾಣಿಗಳ ನಡುವೆ ಮಾತ್ರವಲ್ಲ, ಒಂದೇ ಪ್ರಾಣಿಯ ಚಿಕಿತ್ಸೆಯ ಒಳಗೂ ಇರುತ್ತದೆ.

ದೊಡ್ಡ ನಾಯಿಯ ಕತೆ ಯಂತ್ರದ ಕೆಲಸದಂತೆ ಸರಳ, ಆದರೆ ಭಯಂಕರ. ಹೊಟ್ಟೆ ಗಾಳಿಯಿಂದ ಉಬ್ಬಿ ತನ್ನ ಸುತ್ತ ತಾನೇ ತಿರುಚಿಕೊಂಡಿದೆ. ಎರಡೂ ಬಾಯಿ ಮುಚ್ಚಿರುವುದರಿಂದ ಓಕರಿಸಿದರೂ ಏನೂ ಬರುವುದಿಲ್ಲ. ಉಬ್ಬಿದ ಹೊಟ್ಟೆ ಹಿಂಭಾಗದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಅಂದರೆ ಹಿಂಗಾಲಿಗೆ ಡ್ರಿಪ್ ಹಾಕಿದರೆ ದ್ರವ ಹೃದಯ ತಲುಪುವುದು ಕಷ್ಟ. ಅನುಭವವಿರುವ ನರ್ಸ್ ಹೇಳಿಸಿಕೊಳ್ಳದೆಯೇ ಎರಡೂ ಮುಂಗಾಲಿಗೆ ದಪ್ಪ ಸೂಜಿ ಹಾಕುತ್ತಾರೆ. ಆಮೇಲೆ ಹೊಟ್ಟೆಯ ಗಾಳಿ ತೆಗೆಯುವುದು, ಆಮೇಲೆ ಶಸ್ತ್ರಚಿಕಿತ್ಸೆ. ಈ ಕಾಯಿಲೆಗೆ ಮನೆಮದ್ದು ಇಲ್ಲ. ಗಾಡಿ ತೆಗೆದು ಹೊರಡುವುದೇ ಪ್ರಥಮ ಚಿಕಿತ್ಸೆ.

ಪ್ರಜ್ಞೆಯ ತಪಾಸಣೆ ಚಿಕ್ಕದು. ಎಚ್ಚರವಿದೆಯೇ, ಕರೆದರೆ ಸ್ಪಂದಿಸುತ್ತದೆಯೇ, ಚಿವುಟಿದರೆ ಮಾತ್ರವೇ, ಅದಕ್ಕೂ ಇಲ್ಲವೇ? ಎರಡೂ ಕಣ್ಣಿನ ಪಾಪೆ ಒಂದೇ ಅಳತೆಯೇ? ತಲೆಗೆ ಪೆಟ್ಟು ಬಿದ್ದ ಪ್ರಾಣಿಯ ಮುಂಭಾಗವನ್ನು 15ರಿಂದ 30 ಡಿಗ್ರಿ ಎತ್ತರಿಸಿ ಮಲಗಿಸುತ್ತಾರೆ. ಅದರ ಕುತ್ತಿಗೆಯ ನರದಿಂದ ರಕ್ತ ತೆಗೆಯುವುದಿಲ್ಲ, ಅಲ್ಲಿ ಒತ್ತಿದರೆ ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ.

ಆಸ್ಪತ್ರೆ ತಲುಪುವ ತನಕ

ಫೋನಿನ ಆ ಕಡೆ ಇರುವವರಿಗೆ ನರ್ಸ್ ಹೇಳುವ ಮೊದಲ ಮಾತು ಅವರದೇ ಸುರಕ್ಷತೆ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಬಟ್ಟೆಪಟ್ಟಿಯಿಂದ ಬಾಯಿಕುಕ್ಕೆ ಕಟ್ಟಬಹುದು. ಆದರೆ ಉಸಿರಿಗೆ ಕಷ್ಟಪಡುವ, ವಾಂತಿ ಮಾಡುವ, ಪ್ರಜ್ಞೆ ತಪ್ಪುತ್ತಿರುವ, ಚಪ್ಪಟೆ ಮೂತಿಯ ಪ್ರಾಣಿಗೆ ಕಟ್ಟಬಾರದು. ಬೆಕ್ಕಿಗೆ ದಪ್ಪ ಟವೆಲ್ ಒಳ್ಳೆಯದು. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರ ಹತ್ತಿರ ಹೋಗಬೇಕು. ನುಂಗಲಾಗದೆ ಜೊಲ್ಲು ಸುರಿಸುವ, ನಡವಳಿಕೆ ಬದಲಾದ ಪ್ರಾಣಿಯ ಬಾಯಿಗೆ ಬರಿಗೈ ಹಾಕಲೇಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡದ್ದು ರೇಬೀಸ್ ಆಗಿರಬಹುದು.

ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವುದು. ಕನಿಷ್ಠ ಐದು ನಿಮಿಷ, ಗಡಿಯಾರ ನೋಡಿಕೊಂಡು. ನಡುನಡುವೆ ಎತ್ತಿ 'ನಿಂತಿತಾ' ಎಂದು ಇಣುಕಿದರೆ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಡಿ. ಚುಚ್ಚಿಕೊಂಡ ಕಡ್ಡಿ, ಕಬ್ಬಿಣವನ್ನು ಎಳೆಯಬೇಡಿ, ಅದೇ ಒಳಗಿನ ತೂತಿಗೆ ಬಿರಡೆಯಾಗಿರಬಹುದು. ಮುರಿದ ಕಾಲಿಗೆ ಕೋಲು ಕಟ್ಟುವ ಸಾಹಸ ಬೇಡ. ಗಟ್ಟಿ ಹಲಗೆಯ ಮೇಲೆ ಮಲಗಿಸಿ ತಂದರೆ ಸಾಕು. ಹಾವು ಕಚ್ಚಿದ್ದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಡೆಸದೆ ಎತ್ತಿಕೊಂಡು ಬನ್ನಿ.

ಬಿಸಿಲಾಘಾತದ ವಿಷಯದಲ್ಲಿ ಮಾತ್ರ 'ಓಡಿ ಬನ್ನಿ' ಎನ್ನುವುದು ತಪ್ಪು ಸಲಹೆ. ಮೊದಲು ತಣಿಸಿ, ಆಮೇಲೆ ಹೊರಡಿ. ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದ ಮೇಲೆ ಮಿದುಳು, ಕರುಳು, ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಎಲ್ಲವೂ ಒಟ್ಟಿಗೆ ಕೆಡಲು ಶುರುವಾಗುತ್ತವೆ. ಎಷ್ಟು ಹೊತ್ತು ಬಿಸಿಯಲ್ಲಿತ್ತು ಎಂಬುದರ ಮೇಲೆ ಹಾನಿ ನಿಂತಿದೆ. ನೆರಳಿಗೆ ತಂದು, ಮೈಯೆಲ್ಲ ಚರ್ಮದವರೆಗೆ ನೆನೆಯುವಂತೆ ನೀರು ಸುರಿದು, ಗಾಳಿ ಬೀಸಬೇಕು. ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಒದ್ದೆ ಟವೆಲನ್ನು ಹೊದಿಕೆಯ ಹಾಗೆ ಹೊದಿಸಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದೇ ಬಿಸಿಯಾಗಿ ಗಾಳಿ ತಡೆಯುತ್ತದೆ. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ನೀರು ಹಾಕಬಾರದು. ಉಷ್ಣತೆ 39.5ರ ಹತ್ತಿರ ಬಂದಾಗ ತಣಿಸುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಅದು ಕೆಳಗೆ ಜಾರುತ್ತಲೇ ಹೋಗುತ್ತದೆ. ನಾಯಿ ಎದ್ದು ಓಡಾಡಿದರೂ ಆಸ್ಪತ್ರೆಗೆ ಬರಲೇಬೇಕು. ಮೂತ್ರಪಿಂಡದ ಹಾನಿ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳಬಹುದು.

ವಿಷದ ಪ್ರಕರಣದಲ್ಲಿ ಪೊಟ್ಟಣ ಜೊತೆಗೆ ತನ್ನಿ. ಏನು, ಎಷ್ಟು, ಯಾವಾಗ ಎಂಬ ಮೂರು ಉತ್ತರ ಇದ್ದರೆ ಅರ್ಧ ಚಿಕಿತ್ಸೆ ಆದಂತೆ. ಚಾಕೊಲೇಟ್ ಕಪ್ಪಾದಷ್ಟೂ ಅದರಲ್ಲಿ ಥಿಯೊಬ್ರೊಮಿನ್ ಜಾಸ್ತಿ, ನಾಯಿಗೆ ಅಪಾಯ ಜಾಸ್ತಿ. ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿರುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೇ ಕುಸಿಯುವಂತೆ ಮಾಡಬಲ್ಲದು. ನಿಜವಾದ ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿದರೂ ಸಾಕು, ಮೂತ್ರಪಿಂಡ ಹೋಗಬಹುದು. ನಾಯಿಗಾಗಿ ತಯಾರಾದ, ಪರ್ಮೆಥ್ರಿನ್ ಇರುವ ಚಿಗಟದ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಫಿಟ್ಸ್.

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯವನ್ನು ಇವತ್ತೇ ಮರೆತುಬಿಡಿ. ಉಪ್ಪೇ ವಿಷವಾಗುತ್ತದೆ. ಆಸಿಡ್, ಕ್ಷಾರ, ಸೀಮೆಎಣ್ಣೆ, ಪೆಟ್ರೋಲು ಕುಡಿದಿದ್ದರೆ ವಾಂತಿ ಮಾಡಿಸಿದಾಗ ಎರಡನೇ ಸಲ ಸುಡುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ವಾಂತಿ ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ಇಲಿ ಪಾಷಾಣಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ಬಗೆ ಇದೆ. ಅದು ವಿಟಮಿನ್ ಕೆ ಕೆಲಸವನ್ನು ತಡೆಯುತ್ತದೆ. ತಿಂದ ದಿನ ನಾಯಿ ಕುಣಿದಾಡಿಕೊಂಡೇ ಇರುತ್ತದೆ. ದೇಹದಲ್ಲಿ ಇದ್ದ ದಾಸ್ತಾನು ಮುಗಿದು ರಕ್ತ ಸೋರಲು ಶುರುವಾಗುವುದು ಎರಡರಿಂದ ಐದು ದಿನ ಆದ ಮೇಲೆ.

ಫಿಟ್ಸ್ ಬಂದಾಗ ಬಾಯಿಗೆ ಕೈ, ಚಮಚ ಏನೂ ಹಾಕಬೇಡಿ. ನಾಯಿ ನಾಲಿಗೆ ನುಂಗುವುದಿಲ್ಲ. ಸುತ್ತಲಿನ ವಸ್ತು ಸರಿಸಿ, ದೀಪ ಆರಿಸಿ, ಸಮಯ ನೋಡಿ. ಗಾಬರಿಯಲ್ಲಿ ಒಂದು ನಿಮಿಷ ಹತ್ತರಂತೆ ಅನ್ನಿಸುವುದರಿಂದ ಗಡಿಯಾರ ನೋಡಲೇಬೇಕು. ಐದು ನಿಮಿಷ ದಾಟಿದರೆ, ಅಥವಾ 24 ಗಂಟೆಯಲ್ಲಿ ಎರಡು ಸಲ ಬಂದರೆ, ತುರ್ತು.

ಹೃದಯ ನಿಂತಾಗ

ರಿಕವರ್ ಎಂಬ ಹೆಸರಿನ ಪಶುವೈದ್ಯರ ತಂಡ 2012ರಲ್ಲಿ ನಾಯಿ, ಬೆಕ್ಕುಗಳ ಹೃದಯ ಪುನಶ್ಚೇತನಕ್ಕೆ ಮಾರ್ಗಸೂಚಿ ಕೊಟ್ಟಿತು. 2024ರಲ್ಲಿ ಅದನ್ನು ಪರಿಷ್ಕರಿಸಿತು. ಸಾರ ಹೀಗಿದೆ. ಸ್ಪಂದನೆ ಇಲ್ಲ, ಉಸಿರಿಲ್ಲ ಎಂದಾದರೆ ನಾಡಿ ಹುಡುಕುತ್ತಾ ಕೂರದೆ ಒತ್ತಲು ಶುರುಮಾಡಿ. ಮಗ್ಗುಲಾಗಿ ಮಲಗಿಸಿ, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಹೃದಯ ತುಂಬಿಕೊಳ್ಳುವುದು ಆಗಲೇ. ಗುಂಡನೆಯ ಎದೆಯ ದೊಡ್ಡ ನಾಯಿಗೆ ಎದೆಯ ಅತಿ ಅಗಲವಾದ ಜಾಗದಲ್ಲಿ, ಕಿರಿದಾದ ಆಳ ಎದೆಯ ನಾಯಿಗೆ ನೇರ ಹೃದಯದ ಮೇಲೆ. ಅಗಲ ಎದೆಯ ಬುಲ್‌ಡಾಗ್‌ನಂಥವನ್ನು ಬೆನ್ನ ಮೇಲೆ ಮಲಗಿಸಿ ಒತ್ತುತ್ತಾರೆ. ಬೆಕ್ಕಿಗೆ ಒಂದೇ ಕೈಯಿಂದ ಎದೆಯನ್ನು ಸುತ್ತಿ ಹಿಡಿದು ಒತ್ತಬಹುದು.

ಒಬ್ಬರೇ ಇದ್ದರೆ 30 ಒತ್ತಿಗೆ ಎರಡು ಉಸಿರು, ಬಾಯಿ ಮುಚ್ಚಿ ಮೂಗಿನ ಮೂಲಕ. ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಹಾಕಿದ್ದರೆ ಒತ್ತುವುದನ್ನು ನಿಲ್ಲಿಸದೆ ನಿಮಿಷಕ್ಕೆ 10 ಉಸಿರು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುತ್ತಾರೆ. ದಣಿದ ಕೈ ಆಳಕ್ಕೆ ಇಳಿಯುವುದಿಲ್ಲ, ದಣಿದವರಿಗೆ ಅದು ಗೊತ್ತಾಗುವುದೂ ಇಲ್ಲ. ಮುಚ್ಚಿಡದೆ ಹೇಳಬೇಕೆಂದರೆ, ಹೃದಯ ನಿಂತ ನಾಯಿ, ಬೆಕ್ಕುಗಳಲ್ಲಿ ಹತ್ತಕ್ಕೆ ಒಂದೂ ಮನೆಗೆ ಮರಳುವುದಿಲ್ಲ. ಅರಿವಳಿಕೆಯ ವೇಳೆ ನಿಂತರೆ ಅವಕಾಶ ಬಹಳ ಹೆಚ್ಚು, ಯಾಕೆಂದರೆ ಅಲ್ಲಿ ನಳಿಕೆ, ಸೂಜಿ, ಕಣ್ಣಿಟ್ಟಿರುವ ಮನುಷ್ಯ ಎಲ್ಲ ಮೊದಲೇ ಸಿದ್ಧ.

ಸರದಿ ಬದಲಾಗುತ್ತದೆ

ಪಶು ಆಸ್ಪತ್ರೆಗಳಿಗೆಂದು ರೂಪಿಸಿದ ಒಂದು ಟ್ರಯಾಜ್ ಪಟ್ಟಿಯಲ್ಲಿ ಐದು ಬಣ್ಣಗಳಿವೆ. ಕೆಂಪಿಗೆ ಕಾಯುವಿಕೆ ಇಲ್ಲ. ಕಿತ್ತಳೆಗೆ 15 ನಿಮಿಷ. ಹಳದಿಗೆ ಅರ್ಧದಿಂದ ಒಂದು ಗಂಟೆ. ಹಸಿರಿಗೆ ಎರಡು ಗಂಟೆ, ನೀಲಿಗೆ ನಾಲ್ಕು. ನಮ್ಮ ಬೆಕ್ಕು, ದೊಡ್ಡ ನಾಯಿ ಎರಡೂ ಕೆಂಪು. ಉಗುರು ಕಿತ್ತ ನಾಯಿ ಹಸಿರು. ಹಸಿರು ಎಂದರೆ ಮರೆತುಬಿಡಬಹುದು ಎಂದಲ್ಲ. ವೈದ್ಯರನ್ನು ಕೇಳಿ ನೋವಿನ ಔಷಧ ಕೊಟ್ಟು, ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ, ಸಮಯ ಬರೆದಿಟ್ಟು, ಮನೆಯವರಿಗೆ ಯಾಕೆ ತಡ ಎಂದು ಹೇಳಿರುತ್ತಾರೆ. ಕಾರಣ ಹೇಳಿದರೆ ಹೆಚ್ಚಿನವರು ಕಾಯುತ್ತಾರೆ. ಹೇಳದೆ ಕಾಯಿಸಿದರೆ ಜಗಳವಾಗುತ್ತದೆ, ಅದು ನ್ಯಾಯವೂ ಹೌದು.

ಬಣ್ಣ ಹಚ್ಚಿದ ಮೇಲೆ ಅದು ಅಂಟಿಕೊಂಡೇ ಇರುವುದಿಲ್ಲ. ಅರ್ಧ ಗಂಟೆಗೊಮ್ಮೆ ಕಾಯುವ ಕೋಣೆಯಲ್ಲಿ ಒಂದು ಸುತ್ತು ಬರಬೇಕು, ತುಟಿ ಎತ್ತಿ ನೋಡಬೇಕು, ಉಸಿರು ಎಣಿಸಬೇಕು. ಬೆಕ್ಕಿನ ಬಡಿತ 170ಕ್ಕೆ ಏರಿ, ದೊಡ್ಡ ನಾಯಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದ ಮೇಲೆ ನರ್ಸ್ ಹೊರಗೆ ಬರುತ್ತಾರೆ. ಪುಟ್ಟ ನಾಯಿ ಈಗ ಕಿರುಚುತ್ತಿಲ್ಲ. ಮನೆಯವರ ಮಡಿಲಲ್ಲಿ ಒರಗಿದೆ. "ನೋವು ಕಡಿಮೆಯಾಗಿದೆ ಅನ್ಸುತ್ತೆ, ಸುಮ್ನೆ ಮಲಗಿದೆ" ಎನ್ನುತ್ತಾರೆ ಅವರು.

ಪಟ್ಟಿ ಪೂರ್ತಿ ನೆನೆದಿದೆ. ಒಂದು ಉಗುರಿನ ರಕ್ತ ಇಷ್ಟು ಹೊತ್ತಿಗೆ ನಿಂತಿರಬೇಕಿತ್ತು. ತುಟಿ ಎತ್ತಿದರೆ ವಸಡು ಮೊದಲು ನೋಡಿದ್ದಕ್ಕಿಂತ ಒಂದು ಛಾಯೆ ಬಿಳಿ. ಉಸಿರು ಬಂದಾಗ ನಿಮಿಷಕ್ಕೆ 28 ಎಂದು ಬರೆದಿತ್ತು, ಈಗ 44. ಹೊಟ್ಟೆಯ ಕೆಳಗೆ ಕೂದಲು ಸರಿಸಿದರೆ, ಪೆಟ್ಟು ಬೀಳದ ಜಾಗದಲ್ಲಿ ಅಂಗೈ ಅಗಲದ ನೀಲಿ ಕಲೆ.

ನರ್ಸ್ ನಾಯಿಯನ್ನು ಎತ್ತಿಕೊಳ್ಳುತ್ತಾರೆ. ಒಳಗೆ ಹೋಗುತ್ತಲೇ ಕೇಳುತ್ತಾರೆ: "ಈ ವಾರ ಮನೆಯಲ್ಲಿ ಎಲ್ಲಾದರೂ ಇಲಿ ಪಾಷಾಣ ಇಟ್ಟಿದ್ರಾ?"